ತಾಮ್ರದ ತಗಡಿನ ಹುಡುಗರು

ಯುದ್ಧದಿಂದ ಯಾರಿಗೆ ಒಳ್ಳೆಯದಾಯಿತೋ ನಾ ಕಾಣೆ, ನಮ್ಮ ಟ್ರಾಂಟರಮ್ಮನ ಚಿತ್ರದಂಗಡಿಗಂತೂ ಆಯಿತು. ನಮ್ಮ ಸೈನ್ಯ ಗೆದ್ದರೆ ಒಂದು ಚಿತ್ರ ಖರ್ಚಾಗುತ್ತಿತ್ತು, ಸೋತರೆ ನಾಲ್ಕು. ಫ್ರೆಂಚರ ಸೇನಾಪತಿಗೆ ಕಪ್ಪೆಯ ಬಾಯಿ, ಆಸ್ಟ್ರಿಯಾದವನಿಗೆ ಹದ್ದಿನ ಮೂಗು, ನಮ್ಮವನಿಗೆ ಹಂಡೆಯಂಥ ಹೊಟ್ಟೆ. ಬೆಲ್‌ವೆದರ್ ಸಂದಿಯ ಮೂಲೆಯಲ್ಲಿದ್ದ ಆ ಅಂಗಡಿಯ ಕಿಟಕಿಗೆ ಹೊಸ ಚಿತ್ರ ಬಿತ್ತೆಂದರೆ ಸಾಕು, ಲಾರ್ಡು, ಪಾದ್ರಿ, ಕಸ ಗುಡಿಸುವವನು, ಜೇಬುಗಳ್ಳ ಎಲ್ಲರೂ ಗಾಜಿಗೆ ಮೂಗು ಒತ್ತಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಲಂಡನ್ನಿನಲ್ಲಿ ಇವರೆಲ್ಲ ಒಟ್ಟಿಗೆ ನಿಲ್ಲುವ ಜಾಗ ಎರಡೇ, ಒಂದು ನಮ್ಮ ಕಿಟಕಿ, ಇನ್ನೊಂದು ಗಲ್ಲುಗಂಬ.

ನಾನು ಈನಾಕ್ ಟ್ರಾಸ್ಕ್. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಚ್ಚೊತ್ತುವುದು ನನ್ನ ಕೆಲಸ. ಚಿತ್ರಗಾರ ತಾಮ್ರದ ತಗಡಿನ ಮೇಲೆ ಗೀರಿ ಕೊಟ್ಟದ್ದಕ್ಕೆ ನಾನು ಮಸಿ ಬಳಿದು, ಬಟ್ಟೆಯಿಂದ ಒರೆಸಿ, ಆಮೇಲೆ ಬರೀ ಅಂಗೈಯಿಂದ ಉಜ್ಜುತ್ತೇನೆ. ಮೇಲಿನ ಮಸಿ ಹೋಗಿ ಗೀರಿನೊಳಗಿನದು ಮಾತ್ರ ಉಳಿಯಬೇಕು. ಒದ್ದೆ ಕಾಗದ ಹೊದಿಸಿ ಎರಡು ಉರುಳೆಗಳ ನಡುವೆ ದೂಡಿದರೆ ಆಯಿತು. ಕಾಗದದ ಮೂಲೆ ಹಿಡಿದು ಮೆಲ್ಲಗೆ ಕಿತ್ತೆತ್ತುವ ಗಳಿಗೆ ಇದೆಯಲ್ಲ, ಅದಕ್ಕೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ನನ್ನನ್ನು ನೋಡಿದರೆ ಯಾರಿಗೂ ಹಾಗನ್ನಿಸುವುದಿಲ್ಲ, ಸದಾ ಗೊಣಗುವ ಆಸಾಮಿ ನಾನು.

ಒತ್ತಿದ ಚಿತ್ರಗಳು ಮುಂದಿನ ಕೋಣೆಯ ಬಣ್ಣದ ಮೇಜಿಗೆ ಹೋಗುತ್ತವೆ. ಅಲ್ಲಿ ಹೆಂಗಸರು ಸುತ್ತ ಕೂತಿರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದೇ ಬಣ್ಣ. ತನ್ನ ಬಣ್ಣ ಹಚ್ಚಿ ಪಕ್ಕದವಳಿಗೆ ದಾಟಿಸುವುದು. ನೀಲಿ ಕೆಝಾಯಳದು. ಇಬ್ಬರು ಗಂಡಂದಿರನ್ನು ಮಣ್ಣು ಮಾಡಿ ಮೂರನೆಯವನಿಗೆ ಬಲೆ ಬೀಸುತ್ತಿದ್ದ ಬಾಯಿಬಡುಕಿ ಅವಳು. ಕೆಂಪು ಡಾರ್ಕಸ್ ವೇಯ್ನ್‌ಲೆಟ್‌ಳದು. ನಮ್ಮ ಸೈನ್ಯದ ಕೋಟು ಕೆಂಪಾದ್ದರಿಂದ ಯುದ್ಧಕಾಲದಲ್ಲಿ ಡಾರ್ಕಸ್‌ಗೆ ತಲೆ ಎತ್ತಲೂ ಪುರುಸೊತ್ತಿರುತ್ತಿರಲಿಲ್ಲ. ಮಾತು ಕಡಿಮೆ, ಕೈ ಚುರುಕು. ಅವಳಿಗೆ ಒಬ್ಬನೇ ಮಗ, ಜೇಬೆಸ್.

ಕಡಲಾಚೆಯ ಫ್ಲಾಂಡರ್ಸಿನಲ್ಲಿ ಫ್ರೆಂಚರ ಮೇಲೆ ಯುದ್ಧ ಶುರುವಾದ ಕಾಲದಲ್ಲಿ ನಮ್ಮಲ್ಲಿ ಪಾಸ್ಕ್ ಎಂಬ ಮುದುಕ ಚಿತ್ರಗಾರನಿದ್ದ. ನಮ್ಮ ಸೇನಾಪತಿ ಬಿಯರ್ ಪೀಪಾಯಿಯ ಮೇಲೆ ಕೂತು ಬಾತುಕೋಳಿಯ ತೊಡೆ ಕಚ್ಚುತ್ತಿದ್ದಾನೆ, ಹಿಂದೆ ಅವನ ಸೈನಿಕರು ಸಾಲಾಗಿ ಖಾಲಿ ತಟ್ಟೆ ಹಿಡಿದು ನಿಂತು ನೋಡುತ್ತಿದ್ದಾರೆ. ಅದು ಪಾಸ್ಕ್ ಕಟ್ಟಿದ ಚಿತ್ರ. ಸೈನಿಕರ ಮುಖಗಳಿಗೆಂದು ಆತ ನಮ್ಮ ಸಂದಿಯ ಹುಡುಗರನ್ನೇ ಕರೆದು, ಒಂದೊಂದು ಮಗ್ಗು ಬಿಯರಿನ ಆಸೆ ತೋರಿಸಿ, ಅಂಗಡಿಯ ಗೋಡೆಗೆ ಸಾಲಾಗಿ ನಿಲ್ಲಿಸಿದ. ಎತ್ತರದ ಜೇಬೆಸ್ ಸಾಲಿನ ಕೊನೆಗೆ ನಿಂತ. ಅವನ ಪಕ್ಕ ರೊಟ್ಟಿಯಂಗಡಿ ಹಾಬ್‌ಡೇಯ ಮಗ ಟೋಬಿಟ್. ಅವನಿಗೋ ನಗು ತಡೆಯಲಾಗದ ಕಾಯಿಲೆ.

"ಎಷ್ಟ್ ಹೊತ್ತು ನಿಲ್ಲಿಸ್ತೀಯ ಅಜ್ಜ? ಕಾಲು ಜೋಮು ಹಿಡೀತು!" ಎಂದು ಹುಡುಗರು ಕೂಗಿದರು.

"ಸಿಪಾಯಿಗೆ ನಿಲ್ಲೋದೇ ಕೆಲ್ಸ ಕಣ್ರೋ. ಲೋ ಜೇಬೆಸ್, ಆ ಹಲ್ಲುಗಿಂಜನ್ನ ಸ್ವಲ್ಪ ಹಿಡ್ಕೊಳೋ, ಅಲ್ಲಾಡ್ತಾನೆ!" ಎಂದ ಪಾಸ್ಕ್.

ಜೇಬೆಸ್ ಟೋಬಿಟ್‌ನ ಹೆಗಲ ಮೇಲೆ ಬಲಗೈ ಒತ್ತಿ ಹಿಡಿದ. ಪಾಸ್ಕ್ ಹಾಗೆಯೇ ಗೀರಿದ. ತಗಡಿನಲ್ಲಿ ಕಂಡದ್ದು ಕಾಗದದಲ್ಲಿ ಎಡಬಲ ಅದಲುಬದಲಾಗುತ್ತದೆ. ಒಳ್ಳೆಯ ಚಿತ್ರಗಾರ ಮೊದಲೇ ತಿರುಗಿಸಿ ಗೀರುತ್ತಾನೆ, ತಿರುಗಿಸದ ಸೋಮಾರಿತನ ಪಾಸ್ಕ್‌ನನ್ನು ಸಾಯುವವರೆಗೂ ಬಿಡಲಿಲ್ಲ. ಮೊದಲ ಪ್ರತಿ ಮೇಜಿಗೆ ಬಂದಾಗ ಡಾರ್ಕಸ್ ಮೂಗು ಮುರಿದಳು.

"ನನ್ ಮಗ ಎಡಚ ಅಲ್ಲ ಕಣ್ರೀ. ಎಡಗೈಲಿ ಹಿಡ್ಕೊಂಡಿರೋ ಹಾಗೆ ಮಾಡಿದೀರಲ್ಲ."

"ಸೇನಾಪತಿ ಮಿದುಳಿಲ್ದೆ ಇರೋನು, ಅವನೇ ಸುಮ್ನಿದಾನೆ. ನಿಂಗೆ ಎಡಗೈ ಬಲಗೈ ಚಿಂತೆ," ಎಂದಳು ಕೆಝಾಯ.

ಆ ಚಿತ್ರ ಬಿಸಿ ರೊಟ್ಟಿಯ ಹಾಗೆ ಹೋಯಿತು. ಸೇನಾಪತಿಯ ಕೋಟು, ಹುಡುಗರ ಕೋಟು, ಎಲ್ಲಕ್ಕೂ ಡಾರ್ಕಸ್ ಕೆಂಪು ಹಚ್ಚಿದಳು. ಕೆಲವೇ ವಾರಗಳಲ್ಲಿ ಸೈನ್ಯಕ್ಕೆ ಸೇರಿಸಿಕೊಳ್ಳುವವರು ಡೋಲು ಬಡಿದುಕೊಂಡು ಸಂದಿಗೆ ಬಂದರು. ಹುಡುಗರು ಬಿಯರ್ ಕುಡಿದರು, ಹಾಡಿದರು, ಗೋಡೆಗೆ ನಿಂತಿದ್ದ ಸಾಲು ಹಾಗೇ ಎದ್ದು ಅವರ ಹಿಂದೆ ಹೋಯಿತು. ತಾವು ಗೇಲಿ ಮಾಡಿದ ಸೇನಾಪತಿಯ ಕೈಕೆಳಗೇ ಹೋದರು, ನಗುತ್ತಲೇ ಹೋದರು. ಆ ಚಳಿಗಾಲದಲ್ಲಿ ಸೈನ್ಯ ಹಿಮದಲ್ಲಿ ಹಿಮ್ಮೆಟ್ಟಿತೆಂದು ಪತ್ರಿಕೆಯಲ್ಲಿ ಬಂತು. ಸತ್ತ ಅಧಿಕಾರಿಗಳ ಹೆಸರೂ ಬಂತು. ಸಿಪಾಯಿಗಳ ಹೆಸರು ಯಾರು ಬರೆಯುತ್ತಾರೆ? ವಸಂತ ಬಂತು, ಬೇಸಿಗೆ ಬಂತು, ಸಂದಿಯ ಹುಡುಗರು ಒಬ್ಬರೂ ಬರಲಿಲ್ಲ.

ಡಾರ್ಕಸ್ ಹತ್ತಿರ ಆ ಚಿತ್ರದ ಒಂದು ಪ್ರತಿಯೂ ಇರಲಿಲ್ಲ. ನೂರಾರು ಹಾಳೆ ಅವಳ ಕೈಯಿಂದ ದಾಟಿ ಹೋಗಿದ್ದವು, ಒಂದನ್ನೂ ಇಟ್ಟುಕೊಂಡಿರಲಿಲ್ಲ. ಮನೆಯಲ್ಲಿ ಮಗನೇ ಕೂತು ಬಟಾಣಿ ಗಂಜಿ ಕುಡಿಯುತ್ತಿರುವಾಗ ಅವನ ಚಿತ್ರ ಯಾಕೆ ಬೇಕು? ಆಮೇಲೆ ಹುಡುಕಿದಳು. ಕ್ಷೌರದಂಗಡಿಯ ಗೋಡೆಯ ಮೇಲಿದ್ದದ್ದಕ್ಕೆ ಸುಣ್ಣ ಬಳಿದಿದ್ದರು. ಉಳಿದವು ಚೀಸ್ ಕಟ್ಟಲಿಕ್ಕೆ, ತಂಬಾಕಿನ ಪೈಪು ಹಚ್ಚಲಿಕ್ಕೆ ಹೋಗಿದ್ದವು. ನಮ್ಮ ಚಿತ್ರಗಳ ಆಯುಸ್ಸೇ ಅಷ್ಟು, ಇವತ್ತಿನ ನಗು ನಾಳೆಯ ರದ್ದಿ. ತಗಡೂ ಕಾಣಲಿಲ್ಲ. ಪಾಸ್ಕ್ ತೀರಿಕೊಂಡ ಗಡಿಬಿಡಿಯಲ್ಲಿ ಯಾರೋ ಕರಗಿಸಲು ಮಾರಿದರೆಂದು ನಾವೆಲ್ಲ ತಿಳಿದೆವು. ಒಂದು ದಿನ ಅವಳು ನನ್ನೊಡನೆ ಅಂದಳು, "ಈನಾಕಣ್ಣ, ಅವನ ಮೂಗು ಹೇಗಿತ್ತು ಅಂತ ನೆನಪಾಗ್ತಾ ಇಲ್ಲ ನಂಗೆ." ನನಗೂ ನೆನಪಿರಲಿಲ್ಲ.

ಐದು ವರ್ಷ ಕಳೆಯಿತು. ಅದೇ ಸೇನಾಪತಿ ಮತ್ತೆ ಸೈನ್ಯ ಕಟ್ಟಿಕೊಂಡು ಹಾಲೆಂಡಿಗೆ ಹೋದ, ಮರಳುದಿಬ್ಬಗಳಲ್ಲಿ ಒದ್ದಾಡಿದ, ಫ್ರೆಂಚರ ಜೊತೆ ಒಪ್ಪಂದ ಮಾಡಿಕೊಂಡು ಹಡಗು ಹತ್ತಿ ವಾಪಸು ಬಂದ. ಊರಿಗೆ ಊರೇ ಹೊಸ ಚಿತ್ರಕ್ಕೆ ಬಾಯಿ ಬಿಟ್ಟುಕೊಂಡಿತ್ತು. ತಾಮ್ರಕ್ಕೋ ಬೆಂಕಿಯ ಬೆಲೆ. ಯುದ್ಧದ ಹಡಗುಗಳ ತಳಕ್ಕೆ ಬಡಿಯಲು ಸರ್ಕಾರವೇ ಎಲ್ಲ ಕೊಂಡುಬಿಡುತ್ತಿತ್ತು. ಟ್ರಾಂಟರಮ್ಮ ಹೊಸ ಚಿತ್ರಗಾರ ಫೆನ್‌ಗೆ ಹೇಳಿದಳು, "ನೆಲಮಾಳಿಗೇಲಿ ಹಳೇ ತಗಡು ಏನಾದ್ರೂ ಇದ್ಯಾ ನೋಡು. ಉಜ್ಜಿ ಅದ್ರ ಮೇಲೇ ಮಾಡು. ನಾಳೆ ಬೇಕು."

ಹಳೆಯ ತಗಡಿಗೆ ಹೊಸ ವೇಷ ಹಾಕುವುದು ನಮ್ಮ ಕಸುಬಿನಲ್ಲಿ ಹೊಸದಲ್ಲ. ನಿನ್ನೆಯ ಮಂತ್ರಿಯ ತಲೆ ಕೆರೆದು ಇವತ್ತಿನ ಮಂತ್ರಿಯ ತಲೆ ಕೂರಿಸುತ್ತೇವೆ, ಹೊಟ್ಟೆ ಹೇಗೂ ಎಲ್ಲರದೂ ಒಂದೇ. ಫೆನ್‌ಗೆ ಗೋಣಿಯ ಕೆಳಗೆ ಒಂದು ತಗಡು ಸಿಕ್ಕಿತು. ಅವನು ನಮ್ಮ ಸಂದಿಯವನಲ್ಲ, ಪಾಸ್ಕ್‌ನ ಕಾಲದವನೂ ಅಲ್ಲ. ಸೇನಾಪತಿಯನ್ನು ಪೀಪಾಯಿಯ ಮೇಲೇ ಬಿಟ್ಟು, ಬಾತುಕೋಳಿಯ ತೊಡೆಯನ್ನು ಡಚ್ ಚೀಸಿನ ಗುಂಡಾಗಿ ತಿದ್ದಿದ. ಹಿಂದಿನ ಸಾಲನ್ನು ಅಳಿಸಿ ಬರೀ ಮರಳು, ಬರೀ ಆಕಾಶ, ದೂರದಲ್ಲಿ ಓಡುತ್ತಿರುವ ಹಡಗುಗಳನ್ನು ಇಟ್ಟ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು.

ನಾನು ಒತ್ತಿದ ಮೊದಲ ಪ್ರತಿ ಮೇಜಿಗೆ ಹೋಯಿತು. ಡಾರ್ಕಸ್ ಕುಂಚ ಅದ್ದಿ ಸೇನಾಪತಿಯ ಕೋಟಿಗೆ ಇಟ್ಟಳು, ತೋಳಿನಿಂದ ಸೊಂಟಕ್ಕೆ ಎಳೆದಳು, ಕೈ ಅಲ್ಲೇ ನಿಂತಿತು. ಕಣ್ಣಿಗಿಂತ ಮೊದಲು ಕೈ ಗುರುತು ಹಿಡಿದಿತ್ತು. ಆ ಕೋಟಿನ ಸುತ್ತ ಅದೇ ಕೈ ನೂರಾರು ಸಲ ತಿರುಗಿತ್ತಲ್ಲ.

"ಫೆನ್ನಪ್ಪ," ಎಂದಳು, ದನಿ ಏರಿಸದೆ. "ಇಲ್ಲಿ ಹಿಂದೆ ಹುಡುಗ್ರು ನಿಂತಿದ್ರಲ್ಲ?"

"ಹೌದು ತಾಯಿ, ಯಾರೋ ಸಿಪಾಯಿಗಳು. ತೆಗೆದ್ಬಿಟ್ಟೆ. ಯಾಕೆ?"

ಕೆಝಾಯ ಕುಂಚ ಕೆಳಗಿಟ್ಟಳು. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ ನಾನು ತಿರುಗಿ ಒಳಗಿನ ತಗಡನ್ನು ನೋಡಿದೆ. ಐದು ವರ್ಷ ಅದು ನಮ್ಮ ಕಾಲ ಕೆಳಗೇ ಇತ್ತು. ಒಂದು ದಿನ ಮುಂಚೆ ಗೊತ್ತಾಗಿದ್ದರೆ ಒಂದೇ ಒಂದು ಹಾಳೆ ಒತ್ತಿಕೊಡುತ್ತಿದ್ದೆ. ಡಾರ್ಕಸ್ "ಏನಿಲ್ಲ" ಎಂದು ಕೋಟಿಗೆ ಕೆಂಪು ತುಂಬಿ ಹಾಳೆಯನ್ನು ಪಕ್ಕಕ್ಕೆ ದಾಟಿಸಿದಳು. ಆ ದಿನವಿಡೀ ಒಂದಾದ ಮೇಲೊಂದು ಕೋಟು ತುಂಬುತ್ತಲೇ ಇದ್ದಳು, ಅದನ್ನು ನೋಡಲು ನನ್ನಿಂದಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನಕ್ಕೆ ಮುಂಚೆ ಕಾಗದ ಕಿತ್ತೆತ್ತಿದಾಗ ಆಕಾಶದಲ್ಲಿ ಒಂದು ಕೊಳೆ ಕಂಡಿತು. ಸರಿಯಾಗಿ ಒರೆಸಲಿಲ್ಲವೆಂದು ನನ್ನನ್ನೇ ಬೈದುಕೊಂಡು ಇನ್ನಷ್ಟು ಉಜ್ಜಿದೆ. ಮುಂದಿನ ಹಾಳೆಯಲ್ಲಿ ಕೊಳೆ ಹೆಚ್ಚಾಗಿತ್ತು. ಅದರ ಮುಂದಿನದರಲ್ಲಿ ಕೊಳೆಗೆ ಒಂದು ಕಣ್ಣಿತ್ತು.

ಹಾಳೆ ಹಿಡಿದು ಕಿಟಕಿಯ ಬೆಳಕಿಗೆ ಹೋದೆ. ಬಗ್ಗಿ ನೋಡಿದೆ. ಮರಳಿನ ಮೇಲೆ, ಆಕಾಶದ ಮುಂದೆ, ಹೊಗೆಯಂತೆ ತೆಳ್ಳಗೆ, ತಟ್ಟೆ ಹಿಡಿದು ಹುಡುಗರು ನಿಂತಿದ್ದರು. ಕಾರಣ ನನಗೆ ತಿಳಿಯದ್ದಲ್ಲ. ಫೆನ್ ಆತುರದಲ್ಲಿ ಹಳೆಯ ಗೀರುಗಳನ್ನು ಹೆರೆದು ತೆಗೆದಿರಲಿಲ್ಲ, ನುಣುಪಿನ ಸಲಾಕೆಯಿಂದ ಒತ್ತಿ ಉಜ್ಜಿ ಅವುಗಳ ಬಾಯಿ ಮುಚ್ಚಿದ್ದನಷ್ಟೆ. ಹಿಂದಿನ ದಿನದಿಂದ ನನ್ನ ಅಂಗೈ ತಿಕ್ಕಿ ತಿಕ್ಕಿ ಆ ಬಾಯಿಗಳನ್ನು ತೆರೆದಿತ್ತು. ಕಾರಣ ಗೊತ್ತಿದ್ದರೇನು? ಸತ್ತ ಹುಡುಗರು ನನ್ನ ಕೈಯ ಕೆಳಗೆ ಎದ್ದು ಬಂದಿದ್ದರು. ಇಡೀ ಜನ್ಮದಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ.

ಹಾಳೆಯನ್ನು ಮೇಜಿನ ಮೇಲಿಟ್ಟೆ. ಕೆಝಾಯ ಒಮ್ಮೆ ನೋಡಿ, "ಏನ್ ಮಾರಾಯ, ಆಕಾಶಕ್ಕೆಲ್ಲ ಕೈ ಒರೆಸ್ಕೊಂಡು ಬಂದಿದೀಯ..." ಎಂದವಳು ಅಲ್ಲಿಗೇ ನಿಲ್ಲಿಸಿ ಬಾಯಿಗೆ ಕೈ ಹಿಡಿದಳು.

ಡಾರ್ಕಸ್ ಹಾಳೆಯನ್ನು ತನ್ನತ್ತ ಎಳೆದುಕೊಂಡು ಒಂದೊಂದೇ ಮುಖದ ಮೇಲೆ ಕಾಗದಕ್ಕೆ ತಾಗಿಸದೆ ಬೆರಳು ಸರಿಸಿದಳು. "ಇವನು ಚರ್ಮದಂಗಡಿ ಆಬ್ನರ್. ಇವನು ಕುಂಟು ಮಾರ್ಥಳ ತಮ್ಮ. ಇಲ್ಲಿ ಟೋಬಿಟ್, ನಗ್ತಾನೇ ಇದಾನೆ." ಬೆರಳು ಕೊನೆಗೆ ಬಂದು ನಿಂತಿತು. ಅಲ್ಲಿ ಬರೀ ಆಕಾಶವಿತ್ತು. ಟೋಬಿಟ್‌ನ ಹೆಗಲ ಮೇಲೆ ಒಂದು ಕೈ ಇತ್ತು, ಮಣಿಕಟ್ಟಿನವರೆಗೆ. ಆಚೆ ಏನೂ ಇರಲಿಲ್ಲ.

ಅಷ್ಟರಲ್ಲಿ ಟ್ರಾಂಟರಮ್ಮ ಬಂದಳು. "ಇದೇನ್ ಅನಿಷ್ಟ? ಗಿರಾಕಿಗಳು ಬಾಗಿಲಲ್ಲಿ ಕಾಯ್ತಾ ಇದಾರೆ! ಕೆಝಾಯ, ಆಕಾಶಕ್ಕೆ ದಪ್ಪ ನೀಲಿ ಬಳಿ. ಏನೂ ಕಾಣಬಾರ್ದು."

"ನನ್ ನೀಲಿ ಮುಗಿದೋಯ್ತು ಕಣಮ್ಮ," ಎಂದಳು ಕೆಝಾಯ. ಬಟ್ಟಲು ತುಂಬ ನೀಲಿ ಅವಳ ಮುಂದೆಯೇ ಇತ್ತು.

ಟ್ರಾಂಟರಮ್ಮ ಉಗ್ರಗೊಂಡು ಇನ್ನೇನೋ ಹೇಳುವಷ್ಟರಲ್ಲಿ ಡಾರ್ಕಸ್ ಕುಂಚವನ್ನು ನೀರಿಗೆ ಅದ್ದಿ, ಕೆಂಪಿಗೆ ತಾಗಿಸಿಯೂ ತಾಗಿಸದ ಹಾಗೆ ಮುಟ್ಟಿಸಿ, ಆ ಹುಡುಗರ ಕೋಟುಗಳಿಗೆ ಹಚ್ಚತೊಡಗಿದಳು. ಎಷ್ಟು ತೆಳುವೆಂದರೆ, ಮುಖ ಮುಚ್ಚಲಿಲ್ಲ, ಕೋಟು ಮಾತ್ರ ಉಸಿರು ಬಂದಂತೆ ಕೆಂಪಾಯಿತು. ಯಾರೂ ತಡೆಯಲಿಲ್ಲ. ಕೊನೆಗೆ ಆ ಒಂಟಿ ಕೈಯ ತೋಳಂಚಿಗೆ ಕುಂಚದ ತುದಿ ಮುಟ್ಟಿಸಿ ಹಾಳೆಯನ್ನು ಒಡತಿಯ ಮುಂದೆ ಇಟ್ಟಳು.

ಟ್ರಾಂಟರಮ್ಮ ನೋಡಿದಳು. ಮುಂದೆ ಸೇನಾಪತಿ ಚೀಸ್ ತಿನ್ನುತ್ತಿದ್ದಾನೆ, ಹಡಗುಗಳು ಮನೆಗೆ ಓಡುತ್ತಿವೆ. ಹಿಂದೆ, ಹೋದ ಯುದ್ಧದಲ್ಲಿ ಅವನು ಬಿಟ್ಟುಬಂದವರು ಖಾಲಿ ತಟ್ಟೆ ಹಿಡಿದು ಇನ್ನೂ ನಿಂತಿದ್ದಾರೆ. ಇದನ್ನು ಯಾವ ಚಿತ್ರಗಾರನೂ ಗೀರಿರಲಿಲ್ಲ. ಮಂತ್ರಿಗಳನ್ನು ಹಂದಿ ಮಾಡಿ ಮಾರಿದ, ಯಾವುದಕ್ಕೂ ಜಗ್ಗದ ಆ ಹೆಂಗಸಿನ ಮುಖ ಬಿಳುಚಿತು. ಹೋಗಿ ಕಿಟಕಿಯಲ್ಲಿದ್ದ ನಿನ್ನೆಯ ಪ್ರತಿ ಕಿತ್ತು, ಇದನ್ನು ತನ್ನ ಕೈಯಾರೆ ತೂಗುಹಾಕಿದಳು.

ಹೊರಗೆ ಗುಂಪು ಎಂದಿನಂತೆ ಸೇನಾಪತಿಯ ಹೊಟ್ಟೆ ನೋಡಿ ನಕ್ಕಿತು. ಆಮೇಲೆ ಮುಂದಿನ ಸಾಲಿನವರ ನಗು ನಿಂತಿತು, ಅವರ ಹಿಂದಿನವರದೂ ನಿಂತಿತು. ನಮ್ಮ ಕಿಟಕಿಯ ಮುಂದೆ ಅಷ್ಟು ಜನ ಅಷ್ಟು ಸುಮ್ಮನೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಯಾರೋ "ಆಬ್ನರ್!" ಎಂದು ಕೂಗಿದರು. ಕುಂಟು ಮಾರ್ಥಳನ್ನು ಜನ ದಾರಿ ಬಿಟ್ಟು ಮುಂದಕ್ಕೆ ಕರೆತಂದರು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಹಾಬ್‌ಡೇ ಓಡಿಬಂದು ಗಾಜಿಗೆ ಎರಡೂ ಅಂಗೈ ಒತ್ತಿ, "ನಮ್ಮ ಟೋಬಿಟ್ ಕಣ್ರೋ, ನಮ್ಮ ಟೋಬಿಟ್," ಎಂದು ಮಗುವಿನ ಹಾಗೆ ಅತ್ತ. ಅವನು ಕೈ ತೆಗೆದಮೇಲೂ ಗಾಜಿನ ಮೇಲೆ ಹಿಟ್ಟಿನ ಗುರುತು ಉಳಿದಿತ್ತು, ಕೆಝಾಯ ಅದನ್ನು ಒರೆಸಲು ಬಿಡಲಿಲ್ಲ.

ಡಾರ್ಕಸ್ ಹೊರಗೆ ಹೋಗಲಿಲ್ಲ. ಹಿಂದಿನ ಕೋಣೆಗೆ, ನನ್ನ ಬಳಿಗೆ ಬಂದಳು.

"ಈನಾಕಣ್ಣ, ನೀನು ಇನ್ನಷ್ಟು ಉಜ್ಜಿದ್ರೆ ಅವನೂ ಬರ್ತಾನಾ?"

ನಾನು ತಗಡಿಗೆ ಮಸಿ ಬಳಿದೆ. ಒರೆಸಿದೆ, ಉಜ್ಜಿದೆ, ಉರುಳೆ ತಿರುಗಿಸಿದೆ. ಪ್ರತಿ ಸಲ ಕಾಗದ ಎತ್ತುವಾಗ ಅವಳು ಪಕ್ಕದಲ್ಲಿ ಉಸಿರು ಬಿಗಿಹಿಡಿದು ಬಗ್ಗುತ್ತಿದ್ದಳು. ಮುಖಗಳು ಇನ್ನೂ ನಿಚ್ಚಳವಾದವು. ಆಬ್ನರ್‌ನ ಗಲ್ಲದ ಮೇಲಿನ ಗಾಯವೂ ಮೂಡಿತು. ಟೋಬಿಟ್‌ನ ಹಲ್ಲು ಎಣಿಸಬಹುದಿತ್ತು. ಸಾಲಿನ ಕೊನೆಯಲ್ಲಿ ಮಾತ್ರ ಅದೇ ಆಕಾಶ. ನನ್ನ ತೋಳು ಸೋತು ಬಂತು, ನಿಲ್ಲಿಸಲಿಲ್ಲ. ನಿಲ್ಲಿಸಲು ಆ ಹೆಂಗಸಿನ ಮುಖ ಬಿಡಲಿಲ್ಲ.

ಕೊನೆಗೆ ಫೆನ್ ಬಂದು ಬಾಗಿಲಲ್ಲಿ ನಿಂತ. ಯಾರೋ ಅವನಿಗೆ ವಿಷಯ ಹೇಳಿದ್ದರು. ಟೋಪಿ ತೆಗೆದು ಕೈಯಲ್ಲಿ ಹಿಚುಕುತ್ತಿದ್ದ.

"ತಾಯಿ, ಆ ತುದಿಯಿಂದ್ಲೇ ನಾನು ಕೆಲ್ಸ ಶುರು ಮಾಡಿದ್ದು. ಆಗಿನ್ನೂ ಹೊತ್ತಿತ್ತು. ಹೆರೆದು, ಹಿಂದಿನಿಂದ ಸುತ್ತಿಗೇಲಿ ಬಡಿದು, ಸರಿಯಾಗಿ ಮಾಡಿದೆ. ಆಮೇಲೆ ಅವಸರ ಆಯ್ತು, ಉಳಿದದ್ದನ್ನ ಬರೀ ಉಜ್ಜಿದೆ." ಬಾಗಿಲಿನಿಂದಲೇ ತಗಡಿನ ಆ ತುದಿ ತೋರಿಸಿದ. "ಅಲ್ಲಿ ಏನೂ ಉಳಿದಿಲ್ಲ."

ಇಡೀ ತಗಡಿನಲ್ಲಿ ನೆಟ್ಟಗೆ ಮಾಡಿದ ಕೆಲಸ ಅದೊಂದೇ, ಅದು ಅವಳ ಪಾಲಿಗೆ ಬಂದಿತ್ತು. ಫೆನ್‌ನ ಮೇಲೆ ನನಗೆ ಕೆಂಡದಂಥ ಕೋಪ ಬಂತು, ಬೈಯಲು ಒಂದು ತಪ್ಪೂ ಸಿಗಲಿಲ್ಲ.

ಡಾರ್ಕಸ್ ತಲೆಯಾಡಿಸಿದಳು. ಆಗಲೇ ಉಳಿದ ಮುಖಗಳೂ ಮಾಸತೊಡಗಿದ್ದವು. ತೆಳು ಗೀರು ನನ್ನ ಅಂಗೈಗೆ ಎಷ್ಟು ಹೊತ್ತು ತಡೆದೀತು? ಅವರನ್ನು ಎಬ್ಬಿಸಿದ ಕೈಯೇ ಅವರನ್ನು ಅಳಿಸುತ್ತಿತ್ತು. ಅವಳು ಒಣಗಲು ಹಾಕಿದ ಹಾಳೆಗಳನ್ನೆಲ್ಲ ನೋಡಿ ಒಂದನ್ನು ಆರಿಸಿಕೊಂಡಳು. ಮುಖಗಳು ಚೆನ್ನಾಗಿ ಬಂದದ್ದಲ್ಲ ಅದು, ಹೆಗಲ ಮೇಲಿನ ಕೈ ಚೆನ್ನಾಗಿ ಬಂದದ್ದು. ಬೆರಳಿನ ಗೆಣ್ಣುಗಳು ಬಿಗಿಯಾಗಿ ಕಾಣುತ್ತಿದ್ದವು.

ಸಂದಿಯವರೆಲ್ಲ ಒಂದೊಂದು ಹಾಳೆ ಒಯ್ದರು. ಟ್ರಾಂಟರಮ್ಮ ಯಾರ ಹತ್ತಿರವೂ ಕಾಸು ಕೇಳಲಿಲ್ಲ, ನಾನೂ ಗೊಣಗಲಿಲ್ಲ. ಕೊನೆಗೆ ಹಾಬ್‌ಡೇ ಒಳಗೆ ಬಂದ. ಬಿಸಿ ರೊಟ್ಟಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದು ಡಾರ್ಕಸ್‌ಳ ಮುಂದಿಟ್ಟ.

"ನಿನ್ ಮಗ ಎಲ್ಲಿ ಡಾರ್ಕಸ್? ಎಷ್ಟ್ ಹುಡುಕಿದ್ರೂ ಕಾಣ್ಲಿಲ್ಲ."

ಅವಳು ಹಾಳೆಯನ್ನು ಅವನತ್ತ ತಿರುಗಿಸಿ ಟೋಬಿಟ್‌ನ ಹೆಗಲು ತೋರಿಸಿದಳು.

"ಇಗೋ, ನಿನ್ ಮಗನ್ನ ಹಿಡ್ಕೊಂಡಿದಾನೆ ನೋಡು. ಇನ್ನೂ ಬಿಟ್ಟಿಲ್ಲ."

ಹಾಬ್‌ಡೇ ಬಗ್ಗಿ ನೋಡಿದ. ಆಮೇಲೆ ಹಿಟ್ಟು ಮೆತ್ತಿದ ತನ್ನ ಕೈಯನ್ನು ಅವಳ ಹೆಗಲ ಮೇಲಿಟ್ಟ. ನಾನು ಮುಖ ತಿರುಗಿಸಿ ಕೈ ತೊಳೆದುಕೊಳ್ಳುವ ನೆಪ ಮಾಡಿದೆ.

"ಎಡಗೈ," ಎಂದಳು ಡಾರ್ಕಸ್ ಹಾಳೆಯನ್ನೇ ನೋಡುತ್ತ. "ಹೋಗ್ಲಿ ಬಿಡು."